ಅಲುಗುವ ಗಾಡಿಯೇ ಬೇಕು

ನನ್ನ ಗಂಡ ಮೀನಿನ ಬೋಟಿನಲ್ಲಿ ತಾಂಡೇಲರಾಗಿದ್ದವರು. ಬೋಟು ಯಾವ ದಿಕ್ಕಿಗೆ ಹೋಗಬೇಕು, ಬಲೆ ಎಲ್ಲಿ ಬೀಳಬೇಕು, ಯಾವಾಗ ಎಳೆಯಬೇಕು ಎಂದು ಹೇಳುವವರು ಅವರೇ. ಮೊಣಕಾಲು ಹಟ ಹಿಡಿದ ಮೇಲೆ ಬೋಟು ಬಿಟ್ಟು ಭಟ್ಕಳದ ಹತ್ತಿರ ಬೆಳಕೆ ಊರಿನ ನಮ್ಮ ಮನೆಗೆ ಬಂದು ಕೂತರು. ಅದೇ ಮಳೆಗಾಲಕ್ಕೆ ನಾನೂ ಶಾಲೆಯಿಂದ ನಿವೃತ್ತಳಾದೆ. ಮದುವೆಯಾದಂದಿನಿಂದ ಇವರು ಕಡಲಲ್ಲಿ, ನಾನು ಕನ್ನಡ ಶಾಲೆಯಲ್ಲಿ. ಇಬ್ಬರೂ ಹಗಲು ರಾತ್ರಿ ಒಂದೇ ಮಾಡಿನ ಕೆಳಗೆ ಇರತೊಡಗಿದ್ದು ಆಗಲೇ. ನಾನು ಇವರಿಗೆ ಒಗ್ಗಲು ಸ್ವಲ್ಪ ಕಾಲ ಹಿಡಿಯಬಹುದು ಎಂದುಕೊಂಡಿದ್ದೆ. ನಾನು ಬೇಗ ಒಗ್ಗಿದೆ. ಒಗ್ಗದೆ ಹೋದದ್ದು ನೆಲ.

ನೆಲ ಅಲುಗುವುದಿಲ್ಲ ಎನ್ನುವುದು ಇವರ ದೂರು. ಮಂಚದ ಮೇಲೆ ಮಲಗಿದರೆ ಯಾರೋ ಹಿಡಿದು ಒತ್ತಿಟ್ಟ ಹಾಗಾಗುತ್ತದಂತೆ. ಭಟ್ಕಳದ ಡಾಕ್ಟರು ಸಂಜೆ ನಡೆಯಲು ಹೇಳಿದರು. ಮೊಣಕಾಲಿನವರು ಎಷ್ಟು ನಡೆದಾರು? ಜಗಲಿಗೆ ತೂಗುಮಂಚ ಹಾಕಿಸಿದೆವು. ಅದರ ಮೇಲೆ ಒಂದು ಮಧ್ಯಾಹ್ನ ಮಲಗಿ ಎದ್ದು ಬಂದು, ಅದು ಬರೀ ಹಿಂದೆ ಮುಂದೆ ಹೋಗುತ್ತದೆ, ಮಕ್ಕಳಿಗೆ ಆದೀತು ಎಂದರು. ಬೋಟು ಹಾಗಲ್ಲ, ಅದು ನಾಲ್ಕೂ ಕಡೆಗೆ ಉಸಿರಾಡುತ್ತದೆ ಎಂದು ಅಂಗೈಯಲ್ಲಿ ಮಾಡಿ ತೋರಿಸಿದರು. ನನಗೆ ಆ ಅಂಗೈ ನೋಡಿಯೇ ತಲೆ ತಿರುಗಿತು.

ಪರಿಹಾರ ಸಿಕ್ಕಿದ್ದು ಶಿರಾಲಿಯ ಒಂದು ಮದುವೆಯಲ್ಲಿ. ಶಿರಾಲಿಯಲ್ಲೇ ಅಂಗಡಿ ಇಟ್ಟುಕೊಂಡಿರುವ ನನ್ನ ತಮ್ಮ ತನ್ನ ಜೀಪಿನಲ್ಲಿ ನಮ್ಮನ್ನು ಕರೆದುಕೊಂಡು ಹೋಗಿದ್ದ. ಊಟಕ್ಕೆ ಕೂರುವ ಹೊತ್ತಿಗೆ ಇವರು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಾಲ್‌ನ ಹಿಂದೆ ನಿಲ್ಲಿಸಿದ್ದ ಜೀಪಿನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದಾರೆ. ಮದುವೆಗೆ ಬಂದ ಮಕ್ಕಳು ಜೀಪಿನ ಬಾನೆಟ್ ಹತ್ತುವುದು, ಧುಮುಕುವುದು ನಡೆಸಿದ್ದರು. ಜೀಪು ಅತ್ತ ಇತ್ತ ವಾಲುತ್ತಿತ್ತು. ಇವರ ಗೊರಕೆ ಅದಕ್ಕೆ ಸರಿಯಾಗಿ ತಾಳ ಹಾಕುತ್ತಿತ್ತು. ನಾನು ಎಬ್ಬಿಸಲಿಲ್ಲ. ಪಾಯಸ ತಪ್ಪಿಹೋಯಿತೆಂದು ಇವರೂ ಬೇಸರ ಮಾಡಲಿಲ್ಲ.

ಜೀಪು ಕೊಡು ಎಂದು ಇವರು ಭಾವಮೈದುನನನ್ನು ಕೇಳುವ ಹಾಗಿಲ್ಲವಲ್ಲ. ತಮ್ಮನೇ ಫೋನಿನಲ್ಲಿ ಒಂದು ವಿಡಿಯೋ ತೆಗೆದು ತೋರಿಸಿದ. ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಒಳಗೆ ಮಂಚ, ಒಲೆ, ನಲ್ಲಿ, ಪಾಯಖಾನೆ. ಜನ ಅದನ್ನು ಕಾಡಿನಲ್ಲೋ ಕಡಲ ದಂಡೆಯಲ್ಲೋ ನಿಲ್ಲಿಸಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅದಕ್ಕೆ ಟ್ರೇಲರ್ ಎನ್ನುತ್ತಾರೆ, ಈಗ ನಮ್ಮ ಕಡೆಯೂ ಮಾಡಿಸುವವರಿದ್ದಾರೆ ಎಂದ. ಆ ವಿಡಿಯೋವನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು. ಆದರೆ ನೋಡಿದ್ದು ಬೇರೆ ಬೇರೆ. ಇವರು ನೋಡಿದ್ದು ಚಕ್ರದ ಮೇಲಿನ ಸ್ಪ್ರಿಂಗನ್ನು. ನಾನು ನೋಡಿದ್ದು ಬಾಗಿಲ ಮೆಟ್ಟಿಲಲ್ಲಿ ಚಾ ಲೋಟ ಹಿಡಿದು, ಯಾರಿಗೂ ಎಂತದ್ದೂ ಬಡಿಸದೆ, ಸುಮ್ಮನೆ ಎದುರಿಗೆ ನೋಡುತ್ತ ಕೂತಿದ್ದ ಒಬ್ಬ ಹೆಂಗಸನ್ನು.

ಹಾಗೆ ಟ್ರೇಲರ್ ಆರಿಸಲು ಹೊರಟೆವು. ಎಳೆಯಲು ನಮ್ಮಲ್ಲಿ ಗಾಡಿ ಇಲ್ಲ, ಇವರಿಗೆ ಗಾಡಿ ಬಿಡಲು ಬರುವುದಿಲ್ಲ, ನನಗೆ ಸೈಕಲ್ಲೂ ಬರುವುದಿಲ್ಲ ಎನ್ನುವುದು ಯಾಕೋ ಅಡ್ಡಿ ಎಂದು ಅನ್ನಿಸಲಿಲ್ಲ.

ಮೊದಲು ಹೋದದ್ದು ಭಟ್ಕಳದ ಒಬ್ಬ ಸಾಹೇಬರ ಮನೆಗೆ. ದುಬೈಯಲ್ಲಿ ಬಹಳ ವರ್ಷ ಇದ್ದು ಬಂದವರು. ಅಲ್ಲಿ ನೋಡಿದ ಹಾಗೆಯೇ ಇರಬೇಕೆಂದು ದೊಡ್ಡ ಟ್ರೇಲರ್ ಒಂದನ್ನು ಮಾಡಿಸಿ ಮನೆಯ ಹಿತ್ತಲಲ್ಲಿ ನಿಲ್ಲಿಸಿದ್ದರು. ನಮ್ಮನ್ನು ಕೂರಿಸಿ ಶರಬತ್ತು ಕೊಟ್ಟು, ಆಮೇಲೆ ಒಳಗೆ ಕರೆದುಕೊಂಡು ಹೋದರು. ಎ.ಸಿ., ಫ್ರಿಜ್ಜು, ಗೋಡೆಗೆ ಟಿ.ವಿ. ನನ್ನ ಅಡುಗೆಮನೆಗಿಂತ ಅದರ ಅಡುಗೆಮನೆ ದೊಡ್ಡದು. ಇವರು ಯಾವುದನ್ನೂ ನೋಡದೆ, ಮಲಗಬಹುದೇ ಎಂದು ಕೇಳಿ, ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ತಮ್ಮನಿಗೆ, ಹೊರಗೆ ಹೋಗಿ ಸ್ವಲ್ಪ ದೂಡು ನೋಡುವಾ ಎಂದರು. ತಮ್ಮ ಹೋಗಿ ಹೆಗಲು ಕೊಟ್ಟು ದೂಡಿದ. ಟ್ರೇಲರ್ ಜಗ್ಗಲಿಲ್ಲ. ಸಾಹೇಬರಿಗೆ ಖುಷಿಯಾಯಿತು. ಎರಡು ಎಕ್ಸೆಲ್ ಇದೆ, ಎಂದರೆ ಚಕ್ರದ ಅಚ್ಚು ಎರಡು, ಚಕ್ರ ನಾಲ್ಕು, ಮೂಲೆಗೊಂದು ಕಬ್ಬಿಣದ ಕಾಲು ಇಳಿಸಿದೆ, ಒಳಗೆ ಹತ್ತು ಜನ ಕುಣಿದರೂ ಚಾ ತುಳುಕುವುದಿಲ್ಲ ಎಂದರು.

"ಗಟ್ಟಿ ಉಂಟು," ಎಂದರು ಇವರು, ಬಹಳ ದುಃಖದಿಂದ.

ಅದು ಬೇಡವಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹಿತ್ತಲಿನ ಸುತ್ತ ಎತ್ತರದ ಕಾಂಪೌಂಡು. ಅದರ ಗೇಟಿನಲ್ಲಿ ಸ್ಕೂಟರು ಹೋಗಬಹುದು, ಅಷ್ಟೆ. ಇದು ಒಳಗೆ ಹೇಗೆ ಬಂತು ಎಂದು ತಮ್ಮ ಕೇಳಿದ. ಟ್ರೇಲರ್ ಬಂದ ಮೇಲೆ, ಅದಕ್ಕೆ ಭದ್ರತೆ ಇರಲಿ ಎಂದು ಕಾಂಪೌಂಡು ಕಟ್ಟಿಸಿದ್ದು ಎಂದರು ಸಾಹೇಬರು. ಕೊಳ್ಳುವವರು ಗೋಡೆ ಒಡೆದು ಒಯ್ದು ಮತ್ತೆ ಕಟ್ಟಿಸಿಕೊಡಬೇಕಂತೆ. ಅದನ್ನು ಅವರು ಎಷ್ಟು ಮರ್ಯಾದೆಯಿಂದ ಹೇಳಿದರೆಂದರೆ ನಮಗೂ ಅದು ಸರಿಯೆಂದೇ ಕಂಡಿತು.

ಎರಡನೆಯದು ಹೊನ್ನಾವರದಲ್ಲಿ, ಶರಾವತಿಯ ದಂಡೆಗೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡಲೆಂದು ತಂದು, ಬೇಡವೆನಿಸಿ ಮಾರಲು ನಿಲ್ಲಿಸಿದ್ದ ಪುಟ್ಟ ಟ್ರೇಲರ್. ನೀರಿನ ಹನಿ ಅಡ್ಡಬಿದ್ದ ಆಕಾರ. ಒಳಗೆ ಮಲಗಲು ಮಾತ್ರ ಜಾಗ. ನಿಲ್ಲುವ ಹಾಗಿಲ್ಲ, ಬೆಕ್ಕಿನ ಹಾಗೆ ನುಸುಳಬೇಕು. ಅಡುಗೆಮನೆ ಹಿಂಭಾಗದಲ್ಲಿ, ಹೊರಗೆ. ಹಿಂದಿನ ಮುಚ್ಚಳ ಎತ್ತಿದರೆ ಒಲೆ, ತಟ್ಟೆ ಇಡುವ ಗೂಡು. ಇವರು ನುಸುಳಿದರು. ಚಕ್ರ ಎರಡೇ, ಗಾಡಿ ಹಗುರ, ಹೊಳೆಯ ಮೇಲಿಂದ ಒಳ್ಳೆ ಗಾಳಿ. ಅಷ್ಟಲ್ಲದೆ ಮಾಲೀಕರ ನಾಯಿಯೊಂದು ಬಂದು ಚಕ್ರಕ್ಕೆ ಬೆನ್ನು ತಿಕ್ಕತೊಡಗಿತು. ನಾನು ಒಲೆಯ ಗುಬುಟು ತಿರುಗಿಸಿ ನೋಡುವುದರೊಳಗೆ ಒಳಗಿನಿಂದ ಗೊರಕೆ ಕೇಳಿತು.

ಮಾಲೀಕರು ಗೊರಕೆ ಕೇಳಿ, ವ್ಯಾಪಾರ ಆದ ಹಾಗೆಯೇ ಎಂದುಕೊಂಡರು. ನಾನು ತಯಾರಿರಲಿಲ್ಲ. ನಮ್ಮ ಮಳೆಗೆ ಹೊರಗೆ ನಿಂತು ಅಡುಗೆ ಮಾಡುವುದು ಹೇಗೆ, ರಾತ್ರಿ ಎದ್ದರೆ ಹೋಗುವುದೆಲ್ಲಿಗೆ ಎಂದು ಕೇಳಿದೆ. ಎದ್ದು ಬಂದ ಇವರು, ಅಡುಗೆ ನೀನು ಮನೆಯಲ್ಲೇ ಮಾಡ್ತಿಯಲ್ಲ, ಗಾಡಿ ಅಂಗಳದಲ್ಲೇ ಇರುವುದಲ್ಲ ಎಂದರು.

ಅಲ್ಲಿಯವರೆಗೆ ನಾವು ಈ ಮಾತು ಆಡಿಯೇ ಇರಲಿಲ್ಲ. ಗಾಡಿ ಎಲ್ಲಿಗೂ ಹೋಗುವುದಿಲ್ಲ ಎಂದು ಇವರು ತಿಳಿದಿದ್ದರು. ಗಾಡಿ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ನಾನು ಕೇಳಿದೆ, ಅಂಗಳದಲ್ಲಿ ಇಡಲಿಕ್ಕೆ ಚಕ್ರ ಎಂತಕ್ಕೆ? ಅವರು ಹೇಳಿದರು, ಚಕ್ರ ಇಲ್ಲದಿದ್ದರೆ ಸ್ಪ್ರಿಂಗು ಎಲ್ಲಿಗೆ ಕಟ್ಟುವುದು? ಹೊನ್ನಾವರದಿಂದ ಬೆಳಕೆಗೆ ಜೀಪಿನಲ್ಲಿ ವಾಪಸು ಹೊರಟೆವು. ಮುರ್ಡೇಶ್ವರ ದಾಟಿದ ಮೇಲೆ ತಮ್ಮ ರೇಡಿಯೋ ಹಾಕಿದ. ಇವರು ಬಂದ್ ಮಾಡಿದರು.

ಆಮೇಲೆ ಬಹಳ ದಿನ ಆ ಮಾತೇ ಇಲ್ಲ. ಇವರ ಕಣ್ಣಿನ ಕೆಳಗೆ ಕಪ್ಪು ಹೆಚ್ಚುತ್ತ ಹೋಯಿತು. ಕೊನೆಗೆ ನಾನೇ ತಮ್ಮನಿಗೆ ಫೋನು ಮಾಡಿ, ಒಳಗೆ ನಿಲ್ಲಲು ಬರುವಂಥದ್ದು, ಆದರೆ ಅಲುಗುವಂಥದ್ದು ಎಲ್ಲಾದರೂ ಇದ್ದರೆ ನೋಡು ಎಂದೆ. ಅವನು ಕುಮಟಾದಲ್ಲಿ ಹೈವೇ ಬದಿಯ ಒಂದು ವರ್ಕ್‌ಶಾಪಿಗೆ ಕರೆದುಕೊಂಡು ಹೋದ. ಮೀನಿನ ಗಾಡಿಗಳಿಗೆ ಪೆಟ್ಟಿಗೆ ಕಟ್ಟಿಕೊಡುವವರು. ಈಗ ಟ್ರೇಲರನ್ನೂ ಕಟ್ಟುತ್ತಿದ್ದರು. ಅವರು ಕಟ್ಟಿದ ಟ್ರೇಲರ್ ನೋಡಲು ಮೀನಿನ ಪೆಟ್ಟಿಗೆಗೆ ಕಿಟಕಿ ಇಟ್ಟ ಹಾಗೇ ಇತ್ತು. ಆದರೆ ಒಳಗೆ ತಲೆ ಎತ್ತಿ ನಿಲ್ಲಬಹುದು. ಮುಂದೆ ಎರಡು ಮಂಚ, ನಡುವೆ ಒಲೆ ಮತ್ತು ನಲ್ಲಿ, ಹಿಂದಿನ ಮೂಲೆಗೆ ಪಾಯಖಾನೆ. ಎಕ್ಸೆಲ್ ಒಂದೇ.

ಮೇಸ್ತ್ರಿಗೆ ನಮ್ಮ ಕಥೆ ಗೊತ್ತಿಲ್ಲ. ಒಂದೇ ಎಕ್ಸೆಲ್ ಇರುವುದರಿಂದ ಸ್ವಲ್ಪ ಅಲುಗಬಹುದು ಎಂದು ಅಳುಕಿನಿಂದಲೇ ಹೇಳಿದರು. ಕೂಡಲೇ, ಚಿಂತೆ ಇಲ್ಲ, ನಾಲ್ಕು ಕಾಲು ಕೊಡುತ್ತೇನೆ, ನಿಲ್ಲಿಸಿದಲ್ಲಿ ಇಳಿಸಿದರೆ ಬಂಡೆಯ ಹಾಗಿರುತ್ತದೆ ಎಂದರು. ಇವರು ಕಾಲು ಬೇಡ ಎಂದು ಹೇಳಿ ಮಲಗಿದರು. ನಾನು ನಲ್ಲಿ ಬಿಟ್ಟು ಕೈ ತೊಳೆದೆ. ಕಪಾಟಿನ ಬಾಗಿಲು ತೆರೆದು ಹಾಕಿದೆ. ಕಿಟಕಿಯ ಹತ್ತಿರ ಹೋದೆ, ಒಲೆಯ ಹತ್ತಿರ ಬಂದೆ. ಮೇಸ್ತ್ರಿ ಬ್ಯಾಟರಿಯ ವಿಷಯ ಹೇಳುತ್ತಿದ್ದವರು ಮಂಚದ ಕಡೆ ನೋಡಿ ಮಾತು ನಿಲ್ಲಿಸಿ, ಆಮೇಲೆ ಪಿಸುಮಾತಿನಲ್ಲಿ ಮುಂದುವರಿಸಿದರು. ಇವರು ನಿದ್ದೆಹೋಗಿದ್ದರು.

ಏಳಿಸಲು ಮನಸ್ಸಾಗದೆ ನಾನು ಒಳಗೇ ಅತ್ತಿತ್ತ ಓಡಾಡುತ್ತಿದ್ದೆ. ತಮ್ಮ ಪೇಟೆಗೆ ಹೋಗಿ ಬಂದ. ಮೇಸ್ತ್ರಿ ವೆಲ್ಡಿಂಗ್ ನಿಲ್ಲಿಸಿ ಚಾ ತರಿಸಿದರು. ಬೇರೆ ಗಿರಾಕಿಗಳು ಬಂದರೆ ಅವರೂ ಬಾಗಿಲಲ್ಲಿ ಇಣುಕಿ, ಚಪ್ಪಲಿ ಸದ್ದಾಗದಂತೆ ಆಚೆ ಹೋದರು. ಬಿಸಿಲು ಇಳಿದ ಮೇಲೆ ನನಗೆ ಒಳಗೆ ಸೆಕೆಯಾಗಿ ಗಾಳಿಗೆಂದು ಹೊರಗೆ ಇಳಿದೆ. ಒಂದು ನಿಮಿಷಕ್ಕೆ ಇವರು ಎದ್ದು ಬಾಗಿಲಿಗೆ ಬಂದರು.

"ಎಂತಕ್ಕೆ ನಿಲ್ಲಿಸಿದೆ?" ಎಂದು ಕೇಳಿದರು, ಇಂಜಿನ್ ಬಂದ್ ಮಾಡಿದವನನ್ನು ಕೇಳುವ ಹಾಗೆ.

ಆಗ ಅರ್ಥವಾಯಿತು. ಟ್ರೇಲರ್ ತನ್ನಷ್ಟಕ್ಕೆ ಅಲುಗುವುದಿಲ್ಲ. ಅದರಲ್ಲಿ ಯಾರಾದರೂ ಓಡಾಡುತ್ತಿದ್ದರೆ ಅಲುಗುತ್ತದೆ. ನಾನು ಮತ್ತೆ ಒಳಗೆ ಹತ್ತಿ ಪರೀಕ್ಷೆ ಮಾಡಿದೆ. ಹೌದು. ಇವರು ಮಲಗಿ ಕಣ್ಣು ಮುಚ್ಚಿ, ಹಾಂ, ಹಾಗೆ, ಆ ಮೂಲೆಗೆ ಹೋಗಿ ಬಾ ಎಂದರು. ಮೇಸ್ತ್ರಿ ಬಹಳ ಯೋಚನೆ ಮಾಡಿ, ಹಳೆಯ ಗ್ರೈಂಡರಿನ ಮೋಟಾರು ಒಂದಿದೆ, ಅದನ್ನು ಅಡಿಗೆ ಕಟ್ಟಿಕೊಡಲೇ ಎಂದರು. ಅಲ್ಲೇ ಕಟ್ಟಿ ನೋಡಿದ್ದೂ ಆಯಿತು. ಮಂಚದ ಮೇಲಿದ್ದ ಇವರ ಹಲ್ಲು ಕಟಕಟ ಎಂದವು. ಇದು ಇಂಜಿನ್ ಕೆಟ್ಟ ಬೋಟು ಎಂದು ಎದ್ದು ಬಂದರು. ಮೋಟಾರು ಬಿಚ್ಚಿ, ಟ್ರೇಲರ್ ಮಾತ್ರ ಒಯ್ಯುವುದೆಂದು ಮಾತಾಯಿತು. ನಾಲ್ಕು ಕಾಲುಗಳನ್ನು ಮೇಸ್ತ್ರಿ ಬಿಡದೆ ಕಪಾಟಿನಲ್ಲಿ ಹಾಕಿಕೊಟ್ಟರು.

ಬೆಳಕೆಯ ಅಂಗಳದಲ್ಲಿ ಟ್ರೇಲರ್ ನಿಂತಿತು. ಮೊದಲ ವಾರ ನಾನು ಮಧ್ಯಾಹ್ನದ ಅಡುಗೆಯನ್ನು ಅದರೊಳಗೇ ಮಾಡಿದೆ. ಎದುರಿಗೆ ನನ್ನ ದೊಡ್ಡ ಅಡುಗೆಮನೆ ಖಾಲಿ ಬಿದ್ದಿತ್ತು. ಊಟವಾದ ಮೇಲೆ ಇವರು ಮಲಗುವರು. ನಾನು ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವೆನು. ಕೂತರೆ ಇವರು ಹೊರಳುವರು, ಇಳಿದರೆ ಏಳುವರು.

ನನ್ನನ್ನು ಕಾಪಾಡಿದ್ದು ನಾದಿನಿ. ಇವರ ತಂಗಿ. ಪಕ್ಕದ ಮನೆಯಲ್ಲೇ ಇರುವವಳು, ಬೆಳಿಗ್ಗೆ ಭಟ್ಕಳದ ಮೀನು ಮಾರ್ಕೆಟ್ಟಿನಲ್ಲಿ ಕೂತು ಮಧ್ಯಾಹ್ನ ಮನೆಗೆ ಬರುವವಳು. ಒಳ್ಳೆ ತೂಕದ ಹೆಂಗಸು, ದನಿಯೂ ಹಾಗೇ. ಒಂದು ದಿನ ನನ್ನ ಹತ್ತಿರ ಮಾತಾಡಲೆಂದು ಟ್ರೇಲರ್ ಹತ್ತಿದಳು. ಗಾಡಿ ಒಂದು ಕಡೆಗೆ ಆಳವಾಗಿ ವಾಲಿ ನಿಧಾನಕ್ಕೆ ಮೇಲೆದ್ದಿತು. ಮಂಚದ ಮೇಲಿದ್ದ ಇವರ ಮುಖದಲ್ಲಿ ಮುಗುಳ್ನಗೆ ಬಂತು. ಅವಳು ಮಾರ್ಕೆಟ್ಟಿನ ಜಗಳವನ್ನೆಲ್ಲ ಅಭಿನಯ ಮಾಡಿ ಹೇಳಿದಳು. ಅಷ್ಟೂ ಹೊತ್ತು ಇವರು ಕದಲಲಿಲ್ಲ. ಅಂದಿನಿಂದ ಅವಳು ದಿನಾ ಬಂದಳು. ಅವಳ ಹಿಂದೆ ಕೇರಿಯ ಇನ್ನಿಬ್ಬರು ಹೆಂಗಸರೂ ಬಂದರು. ಸೀಗಡಿ ಸುಲಿಯುವುದು, ಅಬ್ಬಲಿಗೆ ಹೂ ಕಟ್ಟುವುದು ಎಲ್ಲ ಅದರೊಳಗೆ. ನಡುವೆ ಇವರು ಹೊದ್ದು ಮಲಗಿರುವುದು. ನಾದಿನಿ ಯಾವುದೋ ನೆಂಟರ ಮನೆಗೆ ಹೋದ ದಿನ, ಇವತ್ತು ಕಡಲು ಸತ್ತಿದೆ ಎಂದು ಗೊಣಗುತ್ತ ಇವರು ಅಂಗಳದಲ್ಲಿ ತಿರುಗುತ್ತಿದ್ದರು.

ಹೀಗೆ ಮಳೆಗಾಲ ಕಳೆಯಿತು. ಇವರ ಕಣ್ಣಿನ ಕೆಳಗಿನ ಕಪ್ಪು ಹೋಯಿತು. ಆಗ ನಾನು ನನ್ನ ಮಾತು ಎತ್ತಿದೆ. ಇಷ್ಟು ದಿನ ನಿಮಗೆ ಬೇಕಾದ ಹಾಗೆ ನಿಂತಿತ್ತು, ಒಂದು ಸಲ ನನಗೆ ಬೇಕಾದ ಹಾಗೆ ಹೋಗಲಿ ಎಂದೆ. ಇವರು, ಅಲ್ಲಿ ತೂಗುವವರು ಯಾರು ಎಂದು ಕೇಳಿದರು. ಇದಕ್ಕೆ ಉತ್ತರ ನಾದಿನಿಯೇ ಕೊಟ್ಟಳು. ಅವಳು ಸೀರೆ ಮಡಚಿ ಚೀಲಕ್ಕೆ ತುಂಬಿಯಾಗಿತ್ತು.

"ಅತ್ತಿಗೆ, ನಾನು ಬತ್ತೆ. ಅಣ್ಣಂಗೆ ನಿದ್ದೆ ಬರ್ಬೇಕಲ್ಲ," ಎಂದಳು.

ಕುಮಟಾ ಹತ್ತಿರ ಬಾಡ ಎಂಬ ಊರಿನ ಕಡೆ, ಕಡಲಿಗೆ ತಾಗಿದ ಒಂದು ತೆಂಗಿನ ತೋಟದಲ್ಲಿ ನನ್ನ ತಮ್ಮ ಜಾಗ ಕೇಳಿ ಇಟ್ಟಿದ್ದ. ತೋಟದ ಯಜಮಾನಿ ಒಬ್ಬ ಅಜ್ಜಿ. ನಾವು ಹೋಗಿ ಇಳಿದಾಗ ಅವರ ಹಿಂದೆ ಮೂವರು ಸೊಸೆಯರು ನಿಂತಿದ್ದರು. ನನ್ನ ತಮ್ಮ ಟ್ರೇಲರನ್ನು ಮರಗಳ ನಡುವೆ ನಿಲ್ಲಿಸಿ, ಜೀಪಿನಿಂದ ಬಿಚ್ಚಿದ. ಇವರು ಬಂದವರೇ ಮಲಗಿದರು. ನಾನು ಚಾ ಮಾಡಿದೆ, ಲೋಟ ಹಿಡಿದು ಮೆಟ್ಟಿಲಿಗೆ ಬಂದೆ. ಎದುರಿಗೆ ಕಡಲು. ಬಾಯಿಗೆ ಲೋಟ ಇಡುವುದರೊಳಗೆ ಒಳಗಿನಿಂದ ಇವರ ದನಿ ಬಂತು, ನಿಂತುಹೋಯಿತಲ್ಲ ಎಂದು. ನಾದಿನಿಯನ್ನು ಕರೆದೆ. ಅವಳು ಅಷ್ಟರಲ್ಲಿ ಮರಳಿನಲ್ಲಿ ಕಾಲು ಚಾಚಿ ಕೂತಿದ್ದಳು.

"ಅತ್ತಿಗೆ, ಇಷ್ಟು ವರ್ಷ ಮೀನು ಮಾರಿದೆ. ಕಡಲಿನ ಎದುರು ಒಂದು ದಿನ ಸುಮ್ನೆ ಕೂತವಳಲ್ಲ ನಾನು," ಎಂದಳು.

ನನ್ನದೂ ಅದೇ ಆಸೆ ತಾನೆ? ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರುವಾಗ ಅಜ್ಜಿಯೇ ಬಂದರು. ಈ ಮನೆಯನ್ನು ಒಳಗೆ ಹೋಗಿ ನೋಡಬಹುದೇ ಅಕ್ಕೋರೆ ಎಂದು ಕೇಳಿದರು. ನಮ್ಮವರು ಮಲಗಿದ್ದಾರೆ, ಆದರೆ ನೀವು ಎಷ್ಟು ಓಡಾಡಿದರೂ ತೊಂದರೆ ಇಲ್ಲ, ಓಡಾಡಿದಷ್ಟೂ ಒಳ್ಳೆಯದು ಎಂದೆ. ಅಜ್ಜಿಗೆ ಇದು ವಿಚಿತ್ರವೆನಿಸಲಿಲ್ಲ. ಸೊಸೆಯರನ್ನು ಕರೆದರು. ಸೊಸೆಯರು ಪಕ್ಕದ ಮನೆಯವರನ್ನು ಕರೆದರು. ಒಬ್ಬೊಬ್ಬರೇ ಹತ್ತಿದರು. ನಲ್ಲಿ ಬಿಡುವ ಸದ್ದು, ಕಪಾಟು ತೆರೆಯುವ ಸದ್ದು. ಟ್ರೇಲರ್ ಆಷಾಢದ ಕಡಲಿನ ಹಾಗೆ ಏಳುತ್ತ ಬೀಳುತ್ತ ಇತ್ತು. ಗೊರಕೆ ನೀರಿನವರೆಗೂ ಕೇಳಿಸುತ್ತಿತ್ತು. ನಾದಿನಿಯೂ ನಾನೂ ತೆರೆಯಲ್ಲಿ ಕಾಲು ಇಟ್ಟು ನಿಂತೆವು. ತಮ್ಮ ತೆಂಗಿನ ಮರಕ್ಕೆ ಒರಗಿ ಫೋನು ನೋಡುತ್ತಿದ್ದ.

ಒಳಗೆ ಆದದ್ದನ್ನು ಆಮೇಲೆ ಸೊಸೆಯರು ಹೇಳಿದರು. ಅಜ್ಜಿ ಹಿಂದಿನ ಮೂಲೆಯ ಬಾಗಿಲು ತೆರೆದು, ಇಷ್ಟು ಸಣ್ಣ ಜಾಗದಲ್ಲಿ ಪಾಯಖಾನೆ ಮಾಡಿದ್ದಾರೆ, ಬಂದು ನೋಡಿ ಎಂದರಂತೆ. ಒಳಗಿದ್ದವರೆಲ್ಲ ಒಮ್ಮೆಗೇ ಆ ಮೂಲೆಗೆ ಹೋದರು. ಎಕ್ಸೆಲ್ ಒಂದೇ, ಜೀಪಿನಿಂದ ಬಿಚ್ಚಿಯಾಗಿದೆ, ಹಿಂದೆ ಆಧಾರಕ್ಕೆ ಕಾಲಿಲ್ಲ. ನಾವು ತಿರುಗಿ ನೋಡಿದಾಗ ಟ್ರೇಲರಿನ ಮೂತಿ ನಿಧಾನಕ್ಕೆ ಆಕಾಶದ ಕಡೆ ಏಳುತ್ತಿತ್ತು. ಹಿಂಭಾಗ ಮರಳಿಗೆ ಕೂತಿತು. ಪಾತ್ರೆಗಳು ಉರುಳುವ ಸದ್ದು, ಹೆಂಗಸರ ಕೂಗು. ತಮ್ಮ ಫೋನು ಎಸೆದು ಓಡಿದ.

ಅಷ್ಟರಲ್ಲಿ ಒಳಗಿನಿಂದ ಇವರ ದನಿ ಎದ್ದಿತು. ಮನೆಯಲ್ಲಿ ನಾನು ಎಂದೂ ಕೇಳದ ದನಿ ಅದು.

"ಯಾರೂ ನಿಲ್ಲಬೇಡಿ. ಕೂತು ಮುಂದೆ ಬನ್ನಿ. ಒಬ್ಬರ ಹಿಂದೆ ಒಬ್ಬರು. ಅಜ್ಜಿಯನ್ನು ನಡುವೆ ಬಿಡಿ."

ಕಿಟಕಿಯಲ್ಲಿ ತಲೆಗಳು ಸಾಲಾಗಿ ಮುಂದಕ್ಕೆ ಹೋಗುವುದು ಕಂಡಿತು. ಮೂತಿ ಗಾಳಿಯಲ್ಲಿ ಸ್ವಲ್ಪ ಹೊತ್ತು ತಡೆದು, ಆಮೇಲೆ ಇಳಿದು ಧೊಪ್ಪೆಂದು ಕೂತಿತು. ಬಾಗಿಲು ತೆರೆದು ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಯಾರಿಗೂ ಪೆಟ್ಟಿಲ್ಲ. ಸಾರಿನ ಪಾತ್ರೆ ಮಾತ್ರ ಉಳಿಯಲಿಲ್ಲ. ಕೊನೆಗೆ ಅಜ್ಜಿ, ತಲೆತುಂಬ ನನ್ನ ಡಬ್ಬಿಯ ರವೆ. ಅವರ ಕೈ ಹಿಡಿದುಕೊಂಡು ಇವರು.

ಅಜ್ಜಿ ರವೆ ಕೊಡವಿಕೊಂಡು, ಇದು ದಿನಾ ಹೀಗೆ ಮಾಡ್ತದಾ ಎಂದು ಕೇಳಿದರು.

"ಇಲ್ಲ ಅಜ್ಜಿ. ಇವತ್ತು ಗಾಳಿ ಜೋರಿತ್ತು," ಎಂದರು ಇವರು.

ಗಾಳಿ ಇರಲೇ ಇಲ್ಲ. ತೆಂಗಿನ ಗರಿ ಒಂದೂ ಅಲುಗುತ್ತಿರಲಿಲ್ಲ. ಆದರೆ ಇವರ ಮುಖ ಅರಳಿತ್ತು. ದೊಡ್ಡ ಬಲೆ ಎಳೆದು ಬಂದರಿಗೆ ಬಂದ ದಿನಗಳಲ್ಲಿ ಆ ಮುಖವನ್ನು ನಾನು ಕಂಡಿದ್ದೆ. ನನ್ನ ತಮ್ಮ ಕಪಾಟಿನಿಂದ ಕಬ್ಬಿಣದ ಕಾಲು ತೆಗೆದು, ಕೇಳದೆಯೇ ಹಿಂದಿನ ಎರಡನ್ನು ಹಾಕಿದ. ಇವರು ಹಾಕಲಿ ಎಂದು ಬಿಟ್ಟರು. ಮುಂದಿನದು ಬೇಡ ಎಂದು ಮಾತ್ರ ಹೇಳಿದರು.

ನಮ್ಮ ಸಾರು ಚೆಲ್ಲಿಹೋಗಿದ್ದರಿಂದ ಊಟ ಅಜ್ಜಿಯ ಮನೆಯಲ್ಲಿ. ಸೊಸೆಯರು ಬಂಗಡೆಯ ಸಾರು ಬಡಿಸುತ್ತ, ಮೂತಿ ಎದ್ದಾಗ ಯಾರು ಯಾರ ಮೇಲೆ ಬಿದ್ದರು ಎಂದು ಹೇಳಿ ಹೇಳಿ ನಕ್ಕರು. ಇವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಜಗಲಿಯಲ್ಲಿ ಗೋಡೆಗೆ ಒರಗಿ ಕೂತಲ್ಲೇ ಕಣ್ಣು ಮುಚ್ಚಿದರು. ನಾದಿನಿಯೂ ನಾನೂ ಸದ್ದಿಲ್ಲದೆ ಎದ್ದು ಹೋಗಿ, ಚಾ ಮಾಡಿಕೊಂಡು, ಟ್ರೇಲರಿನ ಮೆಟ್ಟಿಲಲ್ಲಿ ಕೂತೆವು. ಇಬ್ಬರಿಗೆ ಜಾಗ ಸಾಲಲಿಲ್ಲ. ಅವಳು ಮೇಲೆ, ನಾನು ಕೆಳಗಿನ ಮೆಟ್ಟಿಲಲ್ಲಿ. ಕಡಲಿನ ಮೇಲೆ ಇನ್ನೂ ಬೆಳಕಿತ್ತು. ಬಹಳ ಹೊತ್ತು ಮಾತಾಡದೆ ಕೂತಿದ್ದು ಅವಳ ಜನ್ಮದಲ್ಲಿ ಅದೇ ಮೊದಲಿರಬೇಕು.

ಮರುದಿನ ಹೊರಡುವಾಗ ಅಜ್ಜಿ ಚೀಲ ಹಿಡಿದು ತಯಾರಾಗಿ ನಿಂತಿದ್ದರು. ಹೊನ್ನಾವರದಲ್ಲಿ ಮಗಳ ಮನೆಗೆ ಹೋಗಬೇಕು, ನಿಮ್ಮ ಈ ಮನೆಯಲ್ಲೇ ಕೂತು ಬರುತ್ತೇನೆ ಎಂದರು. ಗಾಡಿ ಹೋಗುವಾಗ ಟ್ರೇಲರಿನಲ್ಲಿ ಯಾರೂ ಕೂರುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ ಎಂದು ತಮ್ಮ ತಿಳಿಸಿ ಹೇಳಿದ. ಅಜ್ಜಿಗೆ ಬಹಳ ಬೇಸರವಾಯಿತು. ಜೀಪಿನ ಹಿಂದಿನ ಸೀಟಿನಲ್ಲಿ ಇವರ ಪಕ್ಕದಲ್ಲಿ ಕೂತು, ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ಟ್ರೇಲರನ್ನೇ ನೋಡತೊಡಗಿದರು. ಇವರೂ ಹಾಗೇ ಕೂತಿದ್ದರು. ರಸ್ತೆಯ ಕೆಲಸ ನಡೆದ ಕಡೆಯೆಲ್ಲ ಟ್ರೇಲರ್ ಆ ಕಡೆಗೂ ಈ ಕಡೆಗೂ ಒಲೆದು ಏಳುತ್ತಿತ್ತು.

"ಒಳಗೆ ಯಾರೂ ಇಲ್ಲ ಅಲ್ದಾ?" ಎಂದು ಅಜ್ಜಿ ಕೇಳಿದರು.

"ಯಾರೂ ಇಲ್ಲ," ಎಂದರು ಇವರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು, "ಎಷ್ಟು ಚೆಂದ ತೂಗ್ತಾ ಇದೆ ನೋಡಿ. ಎಲ್ಲ ದಂಡ."